ಪಾಳಣಾಘರದ ಶುಲ್ಕ, ಆಯಾಗಳ ಸಂಬಳ

ಪ್ರಶ್ನೆ: ಅಕ್ಕಾ, ಒಂದು ವರ್ಷದ ಮಗಳನ್ನು ಪಾಳಣಾಘರದಲ್ಲಿ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಖಾಸಗಿ ಕೇಂದ್ರ) ಬಿಟ್ಟು, ಲೋಕಲ್ ರೈಲು ಹಿಡಿದು ಮುಂಬೈಯ ಫೋರ್ಟ್‌ನ ಕಚೇರಿಗೆ ಹೋಗುತ್ತೇನೆ. ಇದುವರೆಗೆ ತಿಂಗಳಿಗೆ 6,000 ರೂಪಾಯಿ ಕೊಡುತ್ತಿದ್ದೆವು. ಆಯಾಗಳ ಸಂಬಳ ಹೆಚ್ಚಿಸಬೇಕೆಂದು ಈಗ 7,000 ಕೇಳುತ್ತಿದ್ದಾರೆ. ನನ್ನ ಸಂಬಳವೇ 22,000. ಪಕ್ಕದ ಓಣಿಯ ಅಂಗನವಾಡಿ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ಇಷ್ಟು ಕೊಡುವುದು ನ್ಯಾಯವೇ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಕೈಲಾದರೆ ಕೊಡು ತಂಗಿ. ಆದರೆ ಆ ಸಾವಿರವನ್ನು ನಿನ್ನೊಬ್ಬಳ ತಲೆಗೆ ಕಟ್ಟಿರುವುದು ಖಂಡಿತ ಅನ್ಯಾಯ.

ಲೆಕ್ಕ ಹಾಕಿ ನೋಡು. ಇಷ್ಟು ಚಿಕ್ಕ ಮಕ್ಕಳಾದರೆ ಒಬ್ಬ ಆಯಾ ಮೂರು ನಾಲ್ಕು ಮಕ್ಕಳಿಗಿಂತ ಹೆಚ್ಚು ನೋಡಿಕೊಳ್ಳಲಾರಳು. ನಾಲ್ಕು ಮಕ್ಕಳೆಂದರೆ ತಿಂಗಳಿಗೆ 24,000. ಕೋಣೆಯ ಬಾಡಿಗೆ, ಹಾಲು, ವಿದ್ಯುತ್ತು, ನಡೆಸುವವರ ಪಾಲು ಕಳೆದರೆ ಅವಳ ಕೈಗೆ ಉಳಿಯುವುದೆಷ್ಟು? ಘಾಟ್ಕೋಪರದ ಚಾಳುಗಳಲ್ಲಿ ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದಾಗ ಇಂಥ ಪಾಳಣಾಘರಗಳನ್ನೂ ಹತ್ತಿರದಿಂದ ಕಂಡಿದ್ದೇನೆ. ಹೆಗಲ ಮೇಲೊಂದು ಮಗು ಆಗಷ್ಟೇ ನಿದ್ದೆಗೆ ಜಾರಿರುತ್ತದೆ. ಅದು ಎಚ್ಚರವಾಗದಂತೆ ಹೆಗಲನ್ನು ಅಲುಗಿಸದೆ, ಇನ್ನೊಂದಕ್ಕೆ ನಾಚಣಿ (ರಾಗಿ) ಗಂಜಿ ಉಣಿಸುತ್ತಾಳೆ. ಮೂರನೆಯದರ ಲಂಗೋಟಿ ಒದ್ದೆಯಾಗಿರುತ್ತದೆ. ಆಕೆಯ ಸ್ವಂತ ಮಗು ಆ ಹೊತ್ತಿನಲ್ಲಿ ನೆರೆಮನೆಯಲ್ಲಿರುತ್ತದೆ. ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂದು ಹೇಳುವವರು ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಲಿ.

ತಾಯಿಗೂ ನಿಲುಕುವ, ಆಯಾಗೂ ಹೊಟ್ಟೆ ತುಂಬಿಸುವ ಶುಲ್ಕ ಎಂಬುದು ಇಲ್ಲವೇ ಇಲ್ಲ. ನಡುವಿನ ಅಂತರವನ್ನು ಸರ್ಕಾರದ ಬೊಕ್ಕಸವೇ ತುಂಬಬೇಕು.

ಸರ್ಕಾರಕ್ಕೆ ದಾರಿ ಗೊತ್ತಿಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದಲೇ ಅಂಗನವಾಡಿಗಳು ಹುಟ್ಟಿದವು. 2022ರಿಂದ ‘ಪಾಲನಾ’ ಯೋಜನೆಯಡಿ 6 ತಿಂಗಳಿನಿಂದ 6 ವರ್ಷದ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವ ಅಂಗನವಾಡಿ ಶಿಶುಪಾಲನಾ ಕೇಂದ್ರಗಳಿಗೂ ಅವಕಾಶವಿದೆ. ನಿಮ್ಮ ಓಣಿಯ ಅಂಗನವಾಡಿಯನ್ನೂ ಹಾಗೆ ಮಾಡಿ ಎಂದು ತಾಯಂದಿರೆಲ್ಲ ಸಹಿ ಹಾಕಿ ಬಾಲವಿಕಾಸ ಯೋಜನಾಧಿಕಾರಿಗೆ ಅರ್ಜಿ ಕೊಡಿ, ನಗರಸೇವಕರಿಗೂ (ವಾರ್ಡಿನ ಕಾರ್ಪೊರೇಟರ್) ಒಂದು ಪ್ರತಿ ಇರಲಿ.

ಆದರೆ ಕೇಂದ್ರ ತೆರೆದರೆ ಸಾಲದು, ಅಲ್ಲಿ ದುಡಿಯುವವರಿಗೆ ಸಂಬಳ ಬೇಕು. ಅಂಗನವಾಡಿ ಸೇವಿಕೆಗೆ ಇಂದಿಗೂ ಸಿಗುವುದು ಗೌರವಧನ. 2018ರಲ್ಲಿ ಕೇಂದ್ರ ಅದನ್ನು 3,000ದಿಂದ 4,500ಕ್ಕೆ ಏರಿಸಿತು, ಸಹಾಯಕಿಗೆ 2,250. ರಾಜ್ಯದ ಪಾಲು ಸೇರಿದ ಮೇಲೂ 2023ರಲ್ಲಿ ಮಹಾರಾಷ್ಟ್ರದ ಸೇವಿಕೆಗೆ 10,000, ಸಹಾಯಕಿಗೆ 5,500. ಅದಕ್ಕೇ ಆ ವರ್ಷದ ಡಿಸೆಂಬರ್ 4ರಂದು ಮುಷ್ಕರ ಹೂಡಿದರು, ಜನವರಿಯ ಕೊನೆಯ ವಾರದವರೆಗೂ ಪಟ್ಟು ಬಿಡಲಿಲ್ಲ. ಗ್ರಾಚ್ಯುಟಿಗೆ ಇವರು ಅರ್ಹರು ಎಂಬ ತೀರ್ಪು ಸುಪ್ರೀಂ ಕೋರ್ಟಿನಿಂದ ಬರಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಮಕ್ಕಳಿಗೆ ಅಕ್ಷರ ಕಲಿಸಿ, ತೂಕ ಬರೆದು, ಆಹಾರ ಹಂಚಿ, ಗರ್ಭಿಣಿಯರ ಮನೆಮನೆಗೂ ತಿರುಗುವ ಹೆಂಗಸರಿಗೆ ಇದೇನಾ ಮರ್ಯಾದೆ?

ಇನ್ನು ನಿನ್ನ ಕಚೇರಿಯ ವಿಷಯ. ಅಲ್ಲಿ 50 ಅಥವಾ ಹೆಚ್ಚು ನೌಕರರಿದ್ದರೆ, 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಿದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದ ಪ್ರಕಾರವೇ ಶಿಶುಪಾಲನಾ ಕೇಂದ್ರ ಒದಗಿಸಬೇಕು. ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ತಾಯಿಗೆ ಬಿಡಬೇಕು. ಹಸುಗೂಸನ್ನು ಡೊಂಬಿವಲಿಯಿಂದ ಆ ನೂಕುನುಗ್ಗಲಿನಲ್ಲಿ ಕರೆದೊಯ್ಯುವುದು ಹೇಗೆ ಎಂದು ನೀನು ಕೇಳಬಹುದು, ಅದು ಸರಿಯೇ. ಹಾಗಾಗಿ ಮನೆಯ ಹತ್ತಿರದ ಪಾಳಣಾಘರದ ಶುಲ್ಕದಲ್ಲಿ ಕಚೇರಿಯೂ ಪಾಲು ಕೊಡಲಿ ಎಂದು ನಾಲ್ಕಾರು ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಲಿಖಿತವಾಗಿ ಕೇಳು.

ಪಾಳಣಾಘರದವರಿಗೂ ಒಂದು ಮಾತು ಹೇಳು: ಹೆಚ್ಚಿಸಿದ ಹಣ ಆಯಾಗಳಿಗೇ ಸೇರಬೇಕು. ಎಷ್ಟು ಸೇರಿತೆಂದು ಅವರನ್ನೇ ವಿಚಾರಿಸು.