ಕೊನೆ ಗೊತ್ತಿದ್ದೂ ಯಾಕೆ ಓದ್ತೀವಿ ಅಂದ್ರೆ...

(ತಿಪಟೂರಿನಿಂದ ಒಬ್ಬ ಓದುಗರು, ರಿಟೈರ್ಡ್ ಹೈಸ್ಕೂಲ್ ಟೀಚರ್, ಹೆಸರು ಹಾಕಬೇಡಿ ಅಂದಿದ್ದಾರೆ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ: ನಿಮ್ಮ ಪುಸ್ತಕದ ಪುಟದಲ್ಲಿ ಒಂದು ಲವ್ ಸ್ಟೋರಿಗೂ ಜಾಗ ಇಲ್ಲ, ಮಗಳು ಕೊಟ್ಟ ಎರಡು ಇಂಗ್ಲಿಷ್ ರೊಮ್ಯಾನ್ಸ್ ಓದಿದೆ, ಒಂದು ಹಿಡಿಸ್ತು ಇನ್ನೊಂದು ಹಿಂಸೆ ಆಯ್ತು, ಅಟ್ಟದ ಮೇಲಿದ್ದ ಹಳೇ ಕನ್ನಡ ಕಾದಂಬರಿಗಳನ್ನ ಇಳಿಸಿ ಮತ್ತೆ ಓದ್ತಾ ಇದೀನಿ, ಅಳಿಯ ನಗ್ತಾನೆ, "ಕೊನೆಗೆ ಇಬ್ಬರೂ ಒಂದಾಗ್ತಾರೆ ಅಂತ ಗೊತ್ತಿದ್ದೂ ಯಾಕತ್ತೆ ಓದ್ತೀರಾ" ಅಂತಾನೆ, ನೀವು ಇತ್ತೀಚೆಗೆ ಏನು ಓದಿದ್ರಿ, ಸುತ್ತಿ ಬಳಸದೆ ಹೇಳಿ.)

ಮೇಡಂ, ನಮಸ್ಕಾರ.

ಮೊದಲು ಜಾಗದ ವಿಷಯ. ವಿಮರ್ಶೆಗೆ ಅಂತ ಪ್ರಕಾಶಕರು ನಮಗೆ ಕಳಿಸೋದು ಕವನ ಸಂಕಲನ, ಪ್ರಬಂಧ, ಅಭಿನಂದನ ಗ್ರಂಥ, ಮತ್ತೆ ಕವನ ಸಂಕಲನ. ಪ್ರೇಮ ಕಾದಂಬರಿ ಬರೆಯೋರು ಕಳಿಸೋದೇ ಇಲ್ಲ, ಇವರು ಹೇಗೂ ಬರೆಯಲ್ಲ ಅಂತ ಅವರಿಗೆ ಗ್ಯಾರಂಟಿ, ಪುಸ್ತಕ ಬರಲ್ಲ ಅಂತ ನಾವು ಬರೆಯಲ್ಲ, ಹೀಗೇ ನಡ್ಕೊಂಡು ಬಂದಿದೆ. ಈ ಸಲ ನಿಮ್ಮ ಪತ್ರದ ನೆಪದಲ್ಲಿ ಎರಡು ಪುಟ ಸಿಕ್ಕಿದೆ, ಸುಮ್ನೆ ಬಿಡಲ್ಲ.

ನನ್ನ ಅಳತೆಗೋಲು ಒಂದೇ. ಪ್ರೇಮಕಥೆ ಕೈಗೆ ಬಂದ್ರೆ ಹುಡುಗ ಹೇಗಿದಾನೆ ಹುಡುಗಿ ಹೇಗಿದಾಳೆ ಅಂತ ನೋಡಲ್ಲ, ಇಬ್ಬರ ಮಧ್ಯೆ ಏನು ಅಡ್ಡ ಇದೆ ಅಂತ ನೋಡ್ತೀನಿ. ಆ ಅಡ್ಡಿ ಮುನ್ನೂರು ಪುಟ ತಡೆಯೋ ಅಷ್ಟು ಗಟ್ಟಿನಾ, ಅಥವಾ ಇಬ್ಬರೂ ಹತ್ತು ನಿಮಿಷ ಕೂತು ಮಾತಾಡಿದ್ರೆ ಮುಗಿದುಹೋಗುತ್ತಾ? ಹತ್ತು ನಿಮಿಷದ್ದಾಗಿದ್ರೆ ಪುಸ್ತಕ ಎಷ್ಟೇ ಚೆಂದ ಬರೆದಿದ್ರೂ ಅರ್ಧದಲ್ಲಿ ನಂಗೆ ಸಿಟ್ಟು ಬರೋಕೆ ಶುರು ಆಗುತ್ತೆ.

ನಿಮಗೆ ಹಿಡಿಸಿದ ದಿ ಹೇಟಿಂಗ್ ಗೇಮ್ (ಸ್ಯಾಲಿ ಥಾರ್ನ್, 2016) ನಾನೂ ಓದಿದೀನಿ. ಒಂದು ಪ್ರಕಾಶನ ಕಂಪನಿಯಲ್ಲಿ ಲೂಸಿ, ಜೋಶುವಾ ಎದುರುಬದುರು ಕೂತು ಕೆಲಸ ಮಾಡೋರು, ಒಬ್ಬರನ್ನ ಕಂಡ್ರೆ ಇನ್ನೊಬ್ಬರಿಗೆ ಆಗಲ್ಲ, ಒಂದೇ ಪ್ರಮೋಷನ್‌ಗೆ ಇಬ್ಬರೂ ಬಿದ್ದಿದಾರೆ. ಮಾತಿನ ಜಟಾಪಟಿ ಭಾಳ ಮಜಾ ಇದೆ, ಒಪ್ತೀನಿ. (ಪ್ರಕಾಶನದವರಿಗೆ ಹಾಗೆ ಒಬ್ಬರ ಮುಖ ಒಬ್ಬರು ನೋಡ್ತಾ ಕೂರೋಕೆ ಟೈಮ್ ಎಲ್ಲಿ ಸಿಗುತ್ತೆ ಅನ್ನೋದು ನಮ್ಮ ಆಫೀಸಿನ ಪ್ರೂಫ್ ರೀಡರ್ ಪ್ರಶ್ನೆ.) ಆದ್ರೆ ಅಡ್ಡಿ ಎಲ್ಲಿದೆ? ಪ್ರಮೋಷನ್ ಒಂದೇ, ಹಾಗಾದ್ರೆ ಒಬ್ಬರು ಬೇರೆ ಕೆಲಸ ಹುಡುಕ್ಕೊಂಡ್ರೆ ಆಯ್ತಲ್ಲ ಅಂತ ನಮಗೆ ಮಧ್ಯದಲ್ಲೇ ಹೊಳೆಯುತ್ತೆ, ಕೊನೆಗೆ ಆಗೋದೂ ಅದೇ. ರಾತ್ರಿ ನಿದ್ದೆ ಬರದೇ ಇದ್ದಾಗ ಓದೋಕೆ ಒಳ್ಳೇದು, ಬೆಳಿಗ್ಗೆ ಏನೂ ಉಳಿದಿರಲ್ಲ.

ಹಿಂಸೆ ಆಯ್ತು ಅಂದ ಇನ್ನೊಂದು, ಕಾಲೀನ್ ಹೂವರ್ ಅವರ ಇಟ್ ಎಂಡ್ಸ್ ವಿತ್ ಅಸ್, ಅದೂ 2016ರದ್ದೇ, 2024ರಲ್ಲಿ ಸಿನಿಮಾನೂ ಬಂತು. ಬಾಸ್ಟನ್‌ನಲ್ಲಿ ಹೂವಿನ ಅಂಗಡಿ ಇಡೋ ಲಿಲಿ, ಅವಳನ್ನ ಪ್ರೀತಿಸಿ ಮದುವೆ ಆಗೋ ಡಾಕ್ಟರ್ ಆಮೇಲೆ ಕೈ ಎತ್ತೋಕೆ ಶುರು ಮಾಡ್ತಾನೆ. ನಿಮಗೆ ಹಿಂಸೆ ಆಗಿದ್ದು ಸರಿಯಾಗೇ ಇದೆ, ಅದು ಹಿಂಸೆಯ ಕಥೆನೇ, ರೊಮ್ಯಾನ್ಸ್ ಶೆಲ್ಫಿನಲ್ಲಿ ಇಟ್ಟು ಮಾರಿದ್ರು ಅಷ್ಟೇ. ಅದರ ಭಾಷೆ ನಂಗೂ ತೆಳು ಅನ್ನಿಸ್ತು, ಆದ್ರೆ ಒಂದು ವಿಷಯಕ್ಕೆ ಮಾರ್ಕ್ಸ್ ಕೊಡ್ತೀನಿ. ಇಲ್ಲಿ ಅಡ್ಡಿ ಹೊರಗಡೆ ಇಲ್ಲ, ಗಂಡನೇ ಅಡ್ಡಿ, ಮತ್ತೆ ಅವನು ಕೆಟ್ಟವನು ಅಂತ ಮೊದಲ ಪುಟದಲ್ಲೇ ಬೋರ್ಡ್ ಹಾಕಿಲ್ಲ, ಅವಳ ಜೊತೆ ನಾವೂ ಅವನನ್ನ ಇಷ್ಟಪಟ್ಟು ಆಮೇಲೆ ಸಿಕ್ಕಿಹಾಕ್ಕೋತೀವಿ. ಮಗಳು ಹುಟ್ಟಿದ ಮೇಲೆ ಅವಳು ಅವನನ್ನ ಬಿಡ್ತಾಳೆ. ಬಿಡೋಕೆ ಯಾಕೆ ಅಷ್ಟು ಹೊತ್ತು ಬೇಕಾಯ್ತು ಅಂತ ಕೇಳೋರಿಗೆ ಆ ಪುಸ್ತಕ ಉತ್ತರ ಕೊಡುತ್ತೆ.

ಈಗ ನಿಮ್ಮ ಅಟ್ಟಕ್ಕೆ ಬರ್ತೀನಿ, ನಿಜವಾದ ಮಾತು ಇರೋದು ಅಲ್ಲೇ.

ತ್ರಿವೇಣಿಯವರ ಬೆಳ್ಳಿ ಮೋಡ ನಾನು ಹೋದ ತಿಂಗಳು ಮತ್ತೆ ಓದಿದೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದ್ದು ಎಲ್ಲರಿಗೂ ಗೊತ್ತು, ಹಾಗಾಗಿ ಕಥೆ ಹೇಳಿದ್ರೆ ಯಾರೂ ಬೈಯಲ್ಲ ಅಂದ್ಕೋತೀನಿ. ಇಂದಿರಾ ಒಬ್ಬಳೇ ಮಗಳು, ಆಸ್ತಿಗೆಲ್ಲ ಅವಳೇ ವಾರಸುದಾರಳು, ಅವಳನ್ನ ಮದುವೆ ಆಗ್ತೀನಿ ಅಂತ ಮೋಹನ ಅವಳಪ್ಪನ ದುಡ್ಡಲ್ಲಿ ಫಾರಿನ್‌ಗೆ ಓದೋಕೆ ಹೋಗ್ತಾನೆ, ಅಷ್ಟರಲ್ಲಿ ಆ ಮನೇಲಿ ಗಂಡು ಮಗು ಹುಟ್ಟುತ್ತೆ. ಮುಗೀತು. ಮಗು ಹುಟ್ಟಿದ್ದೇ ಅಡ್ಡಿ! ವಿಲನ್ ಇಲ್ಲ, ತಪ್ಪು ತಿಳುವಳಿಕೆ ಇಲ್ಲ, ಕಳೆದುಹೋದ ಕಾಗದ ಇಲ್ಲ, ತೊಟ್ಟಿಲಲ್ಲಿರೋ ಒಂದು ಕೂಸು ಒಬ್ಬ ಗಂಡಸಿನ ಪ್ರೀತಿಯ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ತೋರಿಸಿಬಿಡುತ್ತೆ.

ಇದನ್ನ ಓದ್ತಾ ನಂಗೆ ಜೇನ್ ಆಸ್ಟಿನ್ ನೆನಪಾದ್ರು, ಅದೂ ಉಲ್ಟಾ. ಪ್ರೈಡ್ ಅಂಡ್ ಪ್ರೆಜುಡಿಸ್‌ನಲ್ಲಿ (1813) ಬೆನೆಟ್ ಮನೇಲಿ ಐದು ಹೆಣ್ಣುಮಕ್ಕಳು, ಗಂಡು ಮಗು ಇಲ್ಲ, ಅದಕ್ಕೇ ಆಸ್ತಿ ದಾಯಾದಿ ಕಾಲಿನ್ಸ್ ಪಾಲಾಗುತ್ತೆ ಅನ್ನೋ ಭಯದಲ್ಲೇ ಕಥೆ ನಡೆಯುತ್ತೆ. ಅಲ್ಲಿ ಗಂಡು ಹುಟ್ಟದೇ ಇದ್ದಿದ್ದು ಕಷ್ಟ, ಇಲ್ಲಿ ಹುಟ್ಟಿದ್ದು ಕಷ್ಟ. ಎರಡು ಕಡೆನೂ ಹುಡುಗಿಯ ಮದುವೆ ನಿಂತಿರೋದು ಆಸ್ತಿ ಯಾರಿಗೆ ಅನ್ನೋದರ ಮೇಲೆ. ಇಂಥ ಕಾದಂಬರಿಗಳನ್ನ "ಹೆಂಗಸರ ಓದು" ಅಂತ ಪಕ್ಕಕ್ಕೆ ಇಟ್ಟ ವಿಮರ್ಶಕರು ಆಸ್ತಿ ವಿಷಯ ಗಂಡಸರದ್ದು ಅಂತ ಅಂದ್ಕೊಂಡಿದ್ರೋ ಏನೋ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ ಕರ್ನಾಟಕ ಕಾನೂನು ಮಾಡಿದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದಿದ್ದು 2005ರಲ್ಲಿ. ತ್ರಿವೇಣಿ 1963ರಲ್ಲೇ, 35 ತುಂಬೋ ಮುಂಚೆನೇ ಹೋಗಿಬಿಟ್ಟಿದ್ರು.

ಇನ್ನು ಬೆಳ್ಳಿ ಮೋಡದ ಕೊನೆ. ಮೋಹನ ಪೆಟ್ಟಾಗಿ ಮಲಗ್ತಾನೆ, ಇಂದಿರಾನೇ ಆರೈಕೆ ಮಾಡ್ತಾಳೆ, ಅವನ ಮನಸ್ಸು ಬದಲಾಗುತ್ತೆ, ಬಾ ಮದುವೆ ಆಗೋಣ ಅಂತಾನೆ, ಅವಳು ಒಪ್ಪಲ್ಲ. ನಿಮ್ಮ ಅಳಿಯಂದಿರಿಗೆ ಈ ಪುಸ್ತಕ ಕೊಡಿ ಮೇಡಂ, ಕೊನೆಗೆ ಇಬ್ಬರೂ ಒಂದಾಗ್ತಾರೆ ಅಂತ ಹೇಳಿದವರು ಯಾರು ಅಂತ ಕೇಳಿ. ಇಂಗ್ಲಿಷಿನಲ್ಲಿ ರೊಮ್ಯಾನ್ಸ್ ಅಂತ ಮಾರಬೇಕಾದ್ರೆ ಸುಖಾಂತ ಇರಲೇಬೇಕು ಅನ್ನೋದು ಹೆಚ್ಚು ಕಮ್ಮಿ ವ್ಯಾಪಾರದ ಕರಾರು, ಓದುಗರೂ ಅದನ್ನೇ ನಂಬಿ ದುಡ್ಡು ಕೊಡ್ತಾರೆ, ಅದರಲ್ಲಿ ತಪ್ಪೇನಿಲ್ಲ, ಮದುವೆ ಊಟಕ್ಕೆ ಹೋಗೋರು ಮದುವೆ ಆಗುತ್ತೆ ಅಂತ ಗೊತ್ತಿದ್ದೇ ಹೋಗೋದು. ನಮ್ಮ "ಸಾಮಾಜಿಕ ಕಾದಂಬರಿ"ಗೆ ಆ ಕರಾರು ಇರಲಿಲ್ಲ. ಅದೇ ತ್ರಿವೇಣಿಯವರ ಶರಪಂಜರದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಬಂದ್ರೂ ಮನೆಯವರು ಅವಳನ್ನ ವಾಸಿ ಆಗೋಕೆ ಬಿಡಲ್ಲ. ಯಂಡಮೂರಿಯವರ ಬೆಳದಿಂಗಳ ಬಾಲೆ, ತೆಲುಗಿನಿಂದ ಬಂದು ನಮ್ಮದೇ ಆಗಿಬಿಟ್ಟಿದ್ದು, 1995ರಲ್ಲಿ ಬಂದ, ಅನಂತ್ ನಾಗ್ ನಟಿಸಿದ ಸಿನಿಮಾ ನೋಡಿರ್ತೀರಿ, ಅಲ್ಲಂತೂ ಚೆಸ್ ಆಟಗಾರ ಫೋನಿನಲ್ಲಿ ಮಾತಾಡಿದ ಹುಡುಗಿಯನ್ನ ಒಗಟು ಬಿಡಿಸ್ತಾ ಬಿಡಿಸ್ತಾ ಹುಡುಕ್ಕೊಂಡು ಹೋಗೋ ಅಷ್ಟರಲ್ಲಿ ಅವಳೇ ಇರಲ್ಲ. ಕಾಲೇಜು ಹುಡುಗ್ರು ಅತ್ತಿದ್ದು ನಾನು ನೋಡಿದೀನಿ. ಈಗ ಓದಿದ್ರೆ ಟ್ರೂಕಾಲರ್ ಇದ್ದಿದ್ರೆ ಎರಡನೇ ಪುಟದಲ್ಲೇ ಕಥೆ ಮುಗೀತಿತ್ತಲ್ಲ ಅಂತ ನಗು ಬರುತ್ತೆ, ಆದ್ರೂ ಅಲ್ಲಿನ ಅಡ್ಡಿ ಫೋನ್ ನಂಬರ್ ಅಲ್ಲ, ಅವಳು ಬಚ್ಚಿಟ್ಟ ಕಾಯಿಲೆ, ಅದಕ್ಕೇ ಇನ್ನೂ ಓದಿಸ್ಕೊಳ್ಳುತ್ತೆ.

ಇನ್ನೊಂದು ವಿಷಯ, ಇದು ಪತ್ರಿಕೆ ನಡೆಸೋರಿಗೆ ಬೇಗ ಹೊಳೆಯೋದು. ಆಗಿನ ಬಹಳ ಕಾದಂಬರಿಗಳು ಮೊದಲು ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದವು. ವಾರ ವಾರ ಒಂದು ಕಂತು, ಕೊನೆಗೆ "ಸಶೇಷ". ಬರೀ ತಪ್ಪು ತಿಳುವಳಿಕೆ ಇಟ್ಕೊಂಡು ಆರು ತಿಂಗಳು ಎಳೆಯೋಕೆ ಆಗಲ್ಲ, ಓದುಗರು ಕಾಗದ ಬರೆದು ಉಗೀತಾರೆ. ಅದಕ್ಕೇ ಬರೆಯೋರಿಗೆ ತುಂಬಿದ ಮನೆ ಬೇಕಾಗಿತ್ತು, ಅತ್ತೆ, ನಾದಿನಿ, ಸಾಲ, ವರ್ಗಾವಣೆ, ಒಂದೊಂದು ವಾರಕ್ಕೆ ಒಬ್ಬೊಬ್ಬರು ಅಡ್ಡ ಬರ್ತಾರೆ. ಮತ್ತೆ ಮದುವೆ ಮಧ್ಯದಲ್ಲೇ ಆಗಿಬಿಡುತ್ತೆ, ನೋಡಿ. ವಾಣಿಯವರ ಎರಡು ಕನಸು ತಗೊಳ್ಳಿ, ಪ್ರೀತಿಸಿದವಳು ಸಿಗದೆ ಮನೆಯವರು ತೋರಿಸಿದವಳನ್ನ ಕಟ್ಕೊಂಡ ಗಂಡ, ಒಂದೇ ಸೂರಿನ ಕೆಳಗೆ ಅಪರಿಚಿತರು, ಪ್ರೀತಿ ಶುರು ಆಗಬೇಕಾಗಿರೋದು ತಾಳಿ ಕಟ್ಟಿದ ಮೇಲೆ. ಈಗ ಮೊಬೈಲ್ ಆ್ಯಪ್‌ಗಳಲ್ಲಿ ಹುಡುಗೀರು ಮುಗಿಬಿದ್ದು ಓದ್ತಾರಲ್ಲ ಕಾಂಟ್ರಾಕ್ಟ್ ಮದುವೆ, ಸಿಇಒ ಗಂಡ, ಅದರ ಅಸ್ಥಿಪಂಜರ ಇದೇ. ವ್ಯತ್ಯಾಸ ಏನಂದ್ರೆ ವಾಣಿಯವರ ಗಂಡ ಕಾಲೇಜು ಮೇಷ್ಟ್ರು, ಅವನಿಗೆ ಸಂಬಳ ಎಷ್ಟು ಬರುತ್ತೆ ಅಂತ ಅಂದಾಜು ಮಾಡಬಹುದಿತ್ತು. ಆ್ಯಪ್ ಕಥೆಗಳಲ್ಲಿ ಬರೆಯೋ ಕೈ ಚೆನ್ನಾಗಿರೋರು ಇದಾರೆ, ನಾನು ಓದ್ತೀನಿ, ಆದ್ರೆ ನಿಲ್ಲಿಸೋದು ಯಾವಾಗ ಅಂತ ಹೇಳೋ ಎಡಿಟರ್ ಇಲ್ಲ, ಅದೊಂದು ಗೋಳು.

ಹಳೇದೆಲ್ಲ ಬಂಗಾರ ಅಂತಾನೂ ನಾನು ಹೇಳಲ್ಲ. ಸೊಕ್ಕಿನ ಶ್ರೀಮಂತ ಹುಡುಗಿಯನ್ನ ಗಂಡ ಪಳಗಿಸೋ ಕಥೆಗಳು ಈಗ ನಂಗೆ ಓದೋಕೆ ಆಗಲ್ಲ. ಎಚ್.ಜಿ. ರಾಧಾದೇವಿಯವರ ಅನುರಾಗದ ಅಂತಃಪುರ 1986ರಲ್ಲಿ ಅನುರಾಗ ಅರಳಿತು ಸಿನಿಮಾ ಆಗಿ, ಆಮೇಲೆ ತಮಿಳು ತೆಲುಗು ಹಿಂದಿ ಎಲ್ಲಾ ಕಡೆ ಓಡ್ತು, ನಾನೂ ಸಿಳ್ಳೆ ಹೊಡೆದವನೇ, ಆದ್ರೆ ಅಲ್ಲಿ ಅಡ್ಡಿ ಅಂದ್ರೆ ಹುಡುಗಿಗೆ ಸ್ವಂತ ಕಂಪನಿ, ಸ್ವಂತ ಬಾಯಿ ಇರೋದು. ಅಡ್ಡಿ ತೆಗೆಯೋದು ಅಂದ್ರೆ ಅವಳನ್ನೇ ತೆಗೆದ ಹಾಗೆ.

ಹೊಸದರಲ್ಲಿ ಯಾವುದು ಅಂತ ಕೇಳಿದ್ರಿ. ವಸುಧೇಂದ್ರ ಅವರ ತೇಜೋ ತುಂಗಭದ್ರಾ (2019). ಐತಿಹಾಸಿಕ ಕಾದಂಬರಿ ಅಂತ ಎಲ್ಲರೂ ಓದಿದ್ರು, ನಾನು ಲವ್ ಸ್ಟೋರಿ ಅಂತಾನೇ ಓದಿದೆ. ಲಿಸ್ಬನ್ನಿನ ಕ್ರಿಶ್ಚಿಯನ್ ಹುಡುಗ ಗೇಬ್ರಿಯಲ್, ಯಹೂದಿ ಹುಡುಗಿ ಬೆಲ್ಲಾ, ದುಡ್ಡು ಮಾಡ್ಕೊಂಡು ಬರ್ತೀನಿ ಅಂತ ಅವನು ಇಂಡಿಯಾಗೆ ಹಡಗು ಹತ್ತಾನೆ. ಅಡ್ಡಿ ಅಂದ್ರೆ ಇದು, ಮಧ್ಯೆ ಒಂದು ಸಮುದ್ರ, ಎರಡು ಧರ್ಮ. ಕ್ರೌರ್ಯ ಕೆಲವು ಕಡೆ ಜಾಸ್ತಿ ಆಯ್ತು, ಊಟ ಮಾಡ್ತಾ ಓದಬೇಡಿ.

ಜಾಗ ಮುಗೀತಾ ಬಂತು, ಕಾದಂಬರಿಕಾರ್ತಿಯರಾದ ಸಾಯಿಸುತೆ, ಉಷಾ ನವರತ್ನರಾಂ ಬಗ್ಗೆ ನೀವು ಬರೆದ ಒಂದೂವರೆ ಪುಟಕ್ಕೆ ಉತ್ತರ ಕೊಡೋಕೆ ಆಗ್ತಿಲ್ಲ. ಆ ಭಾಗ ನನಗಿಂತ ಚೆನ್ನಾಗಿ ನೀವೇ ಬರೆದಿದೀರಿ. ಅದನ್ನೇ ಸ್ವಲ್ಪ ಬೆಳೆಸಿ ಆರುನೂರು ಪದದಲ್ಲಿ ಕಳಿಸಿ, ಪುಸ್ತಕದ ಪುಟದಲ್ಲೇ ಹಾಕ್ತೀವಿ, ಹೆಸರು ಬೇಡ ಅಂದ್ರೆ ಇನಿಷಿಯಲ್ ಸಾಕು. ಗೌರವಧನ ಕಡಿಮೆ, ಮೊದಲೇ ಹೇಳಿಬಿಡ್ತೀನಿ.

– ಸಂ.