ಸಂಪಾದಕರ ಉತ್ತರ: ಯೂರೋಪಾದಲ್ಲಿ ಬಲಿಪೂಜೆಗೆ ಗೋಧಿ ಎಲ್ಲಿಂದ?

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಮೂರು ವಿಷಯಗಳಿವೆ. ಕ್ರೈಸ್ತ ನಂಬಿಕೆಗೂ ವೈಜ್ಞಾನಿಕ ಕಾದಂಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧವಲ್ಲವೇ ಎಂದು ನಿಮ್ಮ ಗೆಳೆಯರು ಕೇಳಿದ್ದಾರೆ. ಇಂಥ ಕಾದಂಬರಿಗಳನ್ನು ಯಾವುದರಿಂದ ಓದಲು ತೊಡಗಲಿ, ಬರೆದವರು ವಿಶ್ವಾಸಿಗಳಾಗಿರಲೇಬೇಕೇ ಎಂದು ನೀವು ಕೇಳಿದ್ದೀರಿ. ಜೊತೆಗೆ ನಿಮ್ಮ ಕಾದಂಬರಿಯ ಸಾರಾಂಶವನ್ನೂ ಕಳಿಸಿದ್ದೀರಿ: ಗುರುಗ್ರಹದ ಚಂದ್ರ ಯೂರೋಪಾದ ಮೇಲೊಂದು ಗಣಿ ನೆಲೆ, ಒಂದು ಸಾವಿರ ಘನ ಮೀಟರ್ ಗಾಳಿ, ಹನ್ನೆರಡು ಜನ, ಅವರಲ್ಲೊಬ್ಬರು ಕಥೋಲಿಕ ಪಾದ್ರಿ. ನಾಲ್ಕನೇ ಅಧ್ಯಾಯದಲ್ಲಿ ಗಾಳಿ ಶುದ್ಧಿ ಯಂತ್ರ ಕೈಕೊಡುತ್ತದೆ. ಇನ್ನೊಂದು ಗಂಟೆಯಲ್ಲಿ ಎಲ್ಲರೂ ಸಾಯಬೇಕು ಎನ್ನುವಾಗ ಪಾದ್ರಿ ಪ್ರಾರ್ಥಿಸುತ್ತಾರೆ, ಯಂತ್ರ ಓಡುತ್ತದೆ, ನಾಸ್ತಿಕ ಎಂಜಿನಿಯರ್ ಮಂಡಿಯೂರುತ್ತಾನೆ. ಓದಿದ ಇಬ್ಬರೂ "ಇದು ಕಥೆಯಲ್ಲ, ಪ್ರಬೋಧನೆ" ಎಂದರೆಂದು ಬೇಸರಪಟ್ಟಿದ್ದೀರಿ.

ಗೆಳೆಯರ ಸಂಶಯಕ್ಕೆ ಉತ್ತರ ಚಿಕ್ಕದು. ರಾಬರ್ಟ್ ಹ್ಯೂ ಬೆನ್ಸನ್ ಎಂಬ ಇಂಗ್ಲಿಷ್ ಪಾದ್ರಿ 'ಲಾರ್ಡ್ ಆಫ್ ದ ವರ್ಲ್ಡ್' ಬರೆದದ್ದು 1907ರಲ್ಲಿ. ಜನರನ್ನು ಹೊತ್ತು ಹಾರುವ ವಾಹನಗಳು, ಸರ್ಕಾರವೇ ಒದಗಿಸುವ ದಯಾಮರಣ, ದೇವರ ಪೀಠದಲ್ಲಿ ಮನುಷ್ಯನನ್ನೇ ಕೂರಿಸಿಕೊಂಡ ಜಗತ್ತು ಎಲ್ಲವೂ ಅದರಲ್ಲಿವೆ. ಈ ಸಂಬಂಧ ನೂರು ವರ್ಷಕ್ಕೂ ಹಳೆಯದು.

ಓದಲು ತೊಡಗುವುದಾದರೆ ಸಿ.ಎಸ್. ಲೂಯಿಸ್ ಅವರ 'ಔಟ್ ಆಫ್ ದ ಸೈಲೆಂಟ್ ಪ್ಲಾನೆಟ್' (1938) ಹಿಡಿಯಿರಿ. ಪುಟ್ಟ ಪುಸ್ತಕ. ಭಾಷಾಶಾಸ್ತ್ರಜ್ಞ ರಾನ್ಸಮ್‌ನನ್ನು ಅಪಹರಿಸಿ ಮಂಗಳ ಗ್ರಹಕ್ಕೆ ಒಯ್ಯುತ್ತಾರೆ. ಅಲ್ಲಿಯ ಮೂರು ಜನಾಂಗಗಳು ಪಾಪಕ್ಕೆ ಬೀಳದೆ ಉಳಿದವು. ಕೆಡುಕಿಗೆ ಅವರ ಮಾತಿನಲ್ಲಿ ಪದವೇ ಇಲ್ಲ. ರಾನ್ಸಮ್ 'ಸೊಟ್ಟ' ಎಂಬ ಪದದಲ್ಲೇ ಕೆಲಸ ಸಾಗಿಸಬೇಕು. ಕೊನೆಯ ಭಾಗದಲ್ಲಿ ವಿಜ್ಞಾನಿ ವೆಸ್ಟನ್, ಮನುಷ್ಯಕುಲ ಗ್ರಹದಿಂದ ಗ್ರಹಕ್ಕೆ ಹಬ್ಬಬೇಕೆಂದು ದೊಡ್ಡ ಭಾಷಣ ಬಿಗಿಯುತ್ತಾನೆ. ರಾನ್ಸಮ್ ಅದನ್ನು ಸಾಲುಸಾಲಾಗಿ ಆ ಸರಳ ಭಾಷೆಗೆ ಅನುವಾದಿಸುತ್ತ ಹೋದಂತೆ ಭಾಷಣದ ಗಾಳಿಯೆಲ್ಲ ಇಳಿದುಹೋಗುತ್ತದೆ. ಲೇಖಕ ಒಂದು ಮಾತೂ ಖಂಡಿಸುವುದಿಲ್ಲ, ಅನುವಾದವೇ ಆ ಕೆಲಸ ಮಾಡುತ್ತದೆ. ಈ ದೃಶ್ಯವನ್ನು ದಯವಿಟ್ಟು ಎರಡು ಸಲ ಓದಿ. ಸುಮಾರು 60 ವಿಮರ್ಶೆಗಳಲ್ಲಿ ಎರಡೇ ಎರಡು ಈ ಕಾದಂಬರಿಯ ಹಿಂದಿನ ಪತನದ ಕಥೆ (ದೇವದೂತನೊಬ್ಬ ಕೆಟ್ಟು ಬೀಳುವ ಕ್ರೈಸ್ತ ಕಥೆ) ತಮ್ಮ ಸ್ವಂತ ಕಲ್ಪನೆಯಲ್ಲವೆಂದು ಗುರುತಿಸಿದವು ಎಂದು ಲೂಯಿಸ್ ಪತ್ರವೊಂದರಲ್ಲಿ ಬರೆದಿದ್ದಾರೆ. ದೈವಶಾಸ್ತ್ರ ಅಷ್ಟು ಆಳಕ್ಕೆ ಇಳಿದಿತ್ತು. ಮುಂದಿನ 'ಪೆರೆಲಾಂಡ್ರಾ' (1943) ಇನ್ನೂ ಸೊಗಸು. ಮೂರನೆಯ 'ದಟ್ ಹಿಡಿಯಸ್ ಸ್ಟ್ರೆಂತ್' (1945) ದಪ್ಪ, ಅಲ್ಲಲ್ಲಿ ಪಾಠದ ಧಾಟಿ. ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಎರಡನೆಯದು ವಾಲ್ಟರ್ ಮಿಲ್ಲರ್ ಅವರ 'ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್'. ನಮ್ಮ ಮಟ್ಟಿಗೆ ಈ ಇಡೀ ಸಾಲಿನ ಶಿಖರ ಇದು. ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಸಿಬ್ಬಂದಿ. 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಮಠವನ್ನು ನೆಲಸಮ ಮಾಡಿದ ದಾಳಿಯಲ್ಲಿ ಅವರೂ ಇದ್ದರು. ಸಂತ ಬೆನೆಡಿಕ್ಟರೇ ಸ್ಥಾಪಿಸಿದ ಮಠ ಅದು. ಯುದ್ಧ ಮುಗಿದ ಮೇಲೆ ಮಿಲ್ಲರ್ ಕಥೋಲಿಕರಾದರು. ಕಾದಂಬರಿಯಲ್ಲಿ ಅಣುಯುದ್ಧದ ನಂತರ ಸನ್ಯಾಸಿಗಳು ವಿಜ್ಞಾನದ ಚೂರುಪಾರು ಕಾಗದಗಳನ್ನು ಅರ್ಥವಾಗದಿದ್ದರೂ ನಕಲು ಮಾಡಿ ಕಾಪಾಡುತ್ತಾರೆ. ಎಂಜಿನಿಯರೊಬ್ಬ ಗೀಚಿಟ್ಟ ದಿನಸಿ ಚೀಟಿ ಪವಿತ್ರ ಅವಶೇಷವಾಗುತ್ತದೆ. ಬಡಪಾಯಿ ಬ್ರದರ್ ಫ್ರಾನ್ಸಿಸ್ ಒಂದು ವಿದ್ಯುತ್ ನಕ್ಷೆಗೆ ಚಿನ್ನದ ಅಲಂಕಾರ ಮಾಡುತ್ತ ಹದಿನೈದು ವರ್ಷ ಸವೆಸುತ್ತಾನೆ. ಮೂರು ಭಾಗಗಳ ನಡುವೆ ಸುಮಾರು ಆರಾರು ಶತಮಾನಗಳ ಅಂತರವಿದೆ. ಇದಕ್ಕೆ 1961ರಲ್ಲಿ ವೈಜ್ಞಾನಿಕ ಕಾದಂಬರಿಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಮಿಲ್ಲರ್ ಬದುಕಿರುವಾಗ ಇನ್ನೊಂದು ಕಾದಂಬರಿ ಹೊರಬರಲಿಲ್ಲ.

ಇನ್ನು ವಿಶ್ವಾಸದ ಪ್ರಶ್ನೆ. 'ಎ ಕೇಸ್ ಆಫ್ ಕಾನ್ಶಿಯನ್ಸ್' (1958) ಬರೆದ ಜೇಮ್ಸ್ ಬ್ಲಿಶ್ ಅಜ್ಞೇಯವಾದಿ. 'ದ ಸ್ಪ್ಯಾರೋ' (1996) ಬರೆದ ಮೇರಿ ಡೋರಿಯಾ ರಸೆಲ್ ಕಥೋಲಿಕರಾಗಿ ಬೆಳೆದು, ಅದನ್ನು ಬಿಟ್ಟು, ಮುಂದೆ ಯೆಹೂದಿ ಧರ್ಮ ಸೇರಿದವರು. ಆದರೂ ಯೇಸುಸಭೆಯ (ಜೆಸ್ಯೂಟ್) ಪಾದ್ರಿಯ ಒಳತೋಟಿ ಈ ಎರಡರಲ್ಲಿರುವಷ್ಟು ಗಂಭೀರವಾಗಿ ಸಿಗುವುದು ಅಪರೂಪ. 'ದ ಸ್ಪ್ಯಾರೋ'ದಲ್ಲಿ ಯಾತ್ರಿಕರು ಅನ್ಯಗ್ರಹದಲ್ಲಿ ಕೈತೋಟ ಮಾಡುತ್ತಾರೆ, ಅಷ್ಟೇ. ಆಹಾರ ಹೆಚ್ಚಿದಂತೆ ಅಲ್ಲಿಯ ಒಂದು ಜನಾಂಗದ ಸಂತಾನ ಹೆಚ್ಚುತ್ತದೆ, ಅವರನ್ನು ಹತೋಟಿಯಲ್ಲಿಟ್ಟಿದ್ದ ಇನ್ನೊಂದು ಜನಾಂಗ ಶಿಶುಗಳನ್ನು ಕೊಲ್ಲಲು ಬರುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ವಿಪತ್ತಿನ ಮೂಲ. ದೇವರೇ ಇಲ್ಲಿಗೆ ಕರೆದನೆಂದು ನಂಬಿ ಹೋದ ಪಾದ್ರಿಗೆ ಇದಕ್ಕಿಂತ ಕಠಿಣ ಪ್ರಶ್ನೆ ಯಾವುದಿದೆ?

ಕ್ರೈಸ್ತ ಪ್ರಕಾಶಕರು ತಮ್ಮ ಓದುಗರಿಗೆಂದೇ ಹೊರತರುವ ಕಾದಂಬರಿಗಳ ದಾರಿ ಬೇರೆ. 'ಲೆಫ್ಟ್ ಬಿಹೈಂಡ್' ಸರಣಿ (1995ರಿಂದ 2007, 16 ಸಂಪುಟ) ಅಲ್ಲಿ ಎಲ್ಲಕ್ಕಿಂತ ಹೆಸರಾದದ್ದು, ಆದರೆ ಅದು ಯುಗಾಂತ್ಯದ ಥ್ರಿಲ್ಲರ್. ನೀವು ಹುಡುಕುತ್ತಿರುವುದು ಅದರಲ್ಲಿ ಸಿಗದು. ನಮ್ಮ ಪಟ್ಟಿಗೆ ಮರಳಿದರೆ, ಕಥೋಲಿಕ ಲೇಖಕ ಜೀನ್ ವುಲ್ಫ್ ಅವರ ನಾಲ್ಕು ಸಂಪುಟಗಳ 'ದ ಬುಕ್ ಆಫ್ ದ ನ್ಯೂ ಸನ್' (1980ರಿಂದ 1983) ಕೊನೆಗೆ ಇಟ್ಟುಕೊಳ್ಳಿ. ತಾನು ಏನನ್ನೂ ಮರೆಯುವುದಿಲ್ಲ ಎನ್ನುವ ಅದರ ನಿರೂಪಕನನ್ನು ಪೂರ್ತಿ ನಂಬುವಂತಿಲ್ಲ, ಮೊದಲ ಓದಿನಲ್ಲಿ ಅರ್ಧ ಕೈಜಾರುತ್ತದೆ.

ಈಗ ನಿಮ್ಮ ಕಾದಂಬರಿ. ಪಾದ್ರಿಯನ್ನು ತೆಗೆದು ಅಲ್ಲೊಬ್ಬ ವೈದ್ಯನನ್ನು ಇಟ್ಟು ನೋಡಿ. ನಾಲ್ಕನೇ ಅಧ್ಯಾಯದ ಪ್ರಾರ್ಥನೆಯೊಂದನ್ನು ಬಿಟ್ಟರೆ ಏನೂ ಅಲುಗುವುದಿಲ್ಲ. ನಂಬಿಕೆ ಕಥೆಗೆ ಹಚ್ಚಿದ ಬಣ್ಣವಾಗಿದೆ. ಅದಕ್ಕೇ ಅವರಿಬ್ಬರಿಗೆ ಪ್ರಬೋಧನೆಯಂತೆ ಕೇಳಿಸಿತು.

ಮೊದಲು ಲೆಕ್ಕ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಹನ್ನೆರಡು ಜನರದ್ದು ಹನ್ನೆರಡು ಕಿಲೋ, ಅಂದರೆ ಮಾಮೂಲಿ ಒತ್ತಡದಲ್ಲಿ ಆರೂವರೆ ಘನ ಮೀಟರ್. ನಿಮ್ಮ ಸಾವಿರ ಘನ ಮೀಟರಿನಲ್ಲಿ ಅದು ದಿನಕ್ಕೆ ಶೇಕಡಾ 0.65 ಮಾತ್ರ. ಶೇಕಡಾ 5ರ ಅಪಾಯದ ಮಟ್ಟ ಮುಟ್ಟಲು ಸುಮಾರು ಎಂಟು ದಿನ ಬೇಕು. ಒಂದು ಗಂಟೆಯಲ್ಲಿ ಯಾರೂ ಸಾಯುವುದಿಲ್ಲ, ವಿಜ್ಞಾನ ಬಲ್ಲ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಆದರೆ ಈ ಎಂಟು ದಿನ ನಿಮಗೆ ಸಿಕ್ಕ ಕೊಡುಗೆ: ನಾಲ್ಕೈದು ದಿನಕ್ಕೆ ತಲೆನೋವು, ಏದುಸಿರು, ಯಾರು ಕಡಿಮೆ ಉಸಿರಾಡಬೇಕೆಂಬ ಜಗಳ. ಗಂಟೆಯ ಗಡುವಿನಲ್ಲಿ ಮನುಷ್ಯರು ಓಡುತ್ತಾರೆ. ವಾರದ ಗಡುವಿನಲ್ಲಿ ಅವರ ಸ್ವಭಾವ ಹೊರಬೀಳುತ್ತದೆ.

ಎರಡನೆಯದಾಗಿ, ಸಂಸ್ಕಾರಗಳ ನಿಯಮಗಳನ್ನು ಯಂತ್ರದ ನಿಯಮಗಳಷ್ಟೇ ಕಟ್ಟುನಿಟ್ಟಾಗಿ ಪಾಲಿಸಿ. ಕಥೋಲಿಕ ಧರ್ಮಸಭೆಯ ಕಾನೂನಿನ 924ನೇ ವಿಧಿಯಂತೆ ಬಲಿಪೂಜೆಯಲ್ಲಿ (ಪಾದ್ರಿ ರೊಟ್ಟಿ, ವೈನ್ ಅರ್ಪಿಸುವ ಆರಾಧನೆ, ಮಾಸ್) ರೊಟ್ಟಿ ಗೋಧಿಯದೇ ಆಗಬೇಕು, ವೈನ್ ದ್ರಾಕ್ಷಿಯದೇ ಆಗಬೇಕು. ಯೂರೋಪಾದಲ್ಲಿ ಎರಡೂ ಬೆಳೆಯುವುದಿಲ್ಲ. ಸರಕು ನೌಕೆ ತಡವಾದರೆ ಪಾದ್ರಿಯ ಡಬ್ಬಿಯಲ್ಲಿ ಎಷ್ಟು ಗ್ರಾಂ ಉಳಿದಿದೆ? ಭೂಮಿಗೆ ರೇಡಿಯೋ ಸಂದೇಶ ತಲುಪಲು ಒಂದು ದಿಕ್ಕಿಗೇ 33ರಿಂದ 54 ನಿಮಿಷ. ಅದು ತಲುಪಿದರೂ ಪಾಪನಿವೇದನೆ ದೂರದಿಂದ ನಡೆಯುವುದಿಲ್ಲ, ಎದುರಿಗೆ ಪಾದ್ರಿಯೇ ಇರಬೇಕು. ನೆಲೆಯ ಹನ್ನೊಂದು ಜನರೂ ಇವರ ಬಳಿ ನಿವೇದಿಸಿಕೊಳ್ಳಬಹುದು. ಇವರು ಮಾತ್ರ ಯಾರ ಬಳಿಯೂ ಹೋಗಲಾರರು. ಎಂಟು ದಿನಗಳಲ್ಲಿ ಈ ಪಾದ್ರಿಯೇ ಒಂದು ಘೋರ ತಪ್ಪು ಮಾಡಿದರೆ? ಈಗ ವೈದ್ಯನನ್ನು ಅವರ ಜಾಗದಲ್ಲಿ ಇಟ್ಟು ನೋಡಿ, ಕಥೆ ಕುಸಿಯುತ್ತದೆ. ಅದೇ ಬೇಕಾದದ್ದು.

ಪವಾಡವನ್ನು ಬಿಡಬೇಕೆಂದೇನೂ ಇಲ್ಲ. ಗಂಟು ಬಿಚ್ಚಲು ಬಂದ ಪವಾಡ ಕಥೆಯನ್ನು ಕೊಲ್ಲುತ್ತದೆ, ಗಂಟು ಹಾಕಲು ಬಂದದ್ದು ಬದುಕಿಸುತ್ತದೆ. ಬ್ಲಿಶ್ ಕಾದಂಬರಿಯ ಕೊನೆಯಲ್ಲಿ ಪಾದ್ರಿ ಭೂತೋಚ್ಚಾಟನೆಯ ಮಂತ್ರ ಹೇಳುತ್ತಾರೆ, ಅತ್ತ ವಿಜ್ಞಾನಿಯ ಪ್ರಯೋಗ ತಪ್ಪುತ್ತದೆ, ಅದೇ ಹೊತ್ತಿಗೆ ಕಥೆಯ ಅನ್ಯಗ್ರಹ ಸಿಡಿಯುತ್ತದೆ. ಎರಡು ಕಾರಣಗಳೂ ಸಾಧ್ಯವಾಗಿ ಉಳಿಯುತ್ತವೆ. ನಿಮ್ಮ ಯಂತ್ರವೂ ಹಾಗೆ ಓಡಲಿ: ಎಂಜಿನಿಯರನ ರಿಪೇರಿ ಮುಗಿದದ್ದೂ ಪ್ರಾರ್ಥನೆ ಮುಗಿದದ್ದೂ ಒಂದೇ ಕ್ಷಣದಲ್ಲಿ.

ಅವನು ಮಂಡಿಯೂರುವ ಸಾಲನ್ನು ಹೊಡೆದುಹಾಕಿ. ಅವನಿಗೆ ನಾಸ್ತಿಕನಾಗಿಯೇ ಅತ್ಯುತ್ತಮ ವಾದಗಳನ್ನು ಕೊಡಿ, ನೀವೇ ಉತ್ತರಿಸಲು ತಿಣುಕಬೇಕಾದಂಥವು. ಎಂಟು ದಿನದ ಗಾಳಿಯ ಲೆಕ್ಕ ಅವನೇ ಹಾಕಲಿ. ಆರನೇ ದಿನ ಪಾದ್ರಿಯ ಡಬ್ಬಿಯಲ್ಲಿ ಉಳಿದ ಗೋಧಿಯನ್ನು ತಕ್ಕಡಿಯಲ್ಲಿಟ್ಟು ತೂಗುವವನೂ ಅವನೇ ಆಗಲಿ.

— ಸಂಪಾದಕರು