ವೇಗದ ಮೋಟಾರ್ ಬೋಟಿನ ತಳ ಹೇಗಿರಬೇಕು?

ವೇಗದ ಬೋಟು ನೀರನ್ನು ಸೀಳಿಕೊಂಡು ಹೋಗುವುದಕ್ಕಿಂತ ಅದರ ಮೇಲೆ ಜಾರುತ್ತದೆ. ಹಾಗಾಗಿ ಮುಖ್ಯವಾದದ್ದು ಮೂತಿಯಲ್ಲ, ತಳದ ಹಿಂಭಾಗ. ಅಲ್ಲಿ ‘ವಿ’ ಆಕಾರದ ಪ್ರತಿ ಬದಿಯ ಇಳಿಜಾರು (ಸಮತಲದಿಂದ ಅಳೆದ ಕೋನ) ಶಾಂತ ನೀರಿಗೆ 12–15 ಡಿಗ್ರಿ ಸಾಕು. ಅಲೆಗಳಿದ್ದರೆ 20–24 ಬೇಕು, ಆದರೆ ಅದು ಹೆಚ್ಚು ಅಶ್ವಶಕ್ತಿ ಕೇಳುತ್ತದೆ.

ತಳದ ಹಿಂದಿನ ಮೂರನೇ ಒಂದು ಭಾಗಕ್ಕೆ ಉದ್ದನೆಯ ನೇರಪಟ್ಟಿಯನ್ನು ಉದ್ದುದ್ದಕ್ಕೆ ಒತ್ತಿ ನೋಡಿ, ಎಲ್ಲೂ ಸಂದಿ ಕಾಣಬಾರದು. ಹೊರಕ್ಕೆ ಉಬ್ಬಿದ್ದರೆ ವೇಗದಲ್ಲಿ ಮೂತಿ ಕುಪ್ಪಳಿಸತೊಡಗುತ್ತದೆ. ಒಳಕ್ಕೆ ತಗ್ಗಿದ್ದರೆ ಮೂತಿ ನೀರಿಗೆ ಒತ್ತಿಕೊಂಡು ವೇಗ ಕುಸಿಯುತ್ತದೆ.

ತಳ ಮುಗಿಯುವ ಹಿಂದಿನ ಅಂಚು, ಪಕ್ಕದ ಅಂಚುಗಳು ಚೂಪಾಗಿರಲಿ. ಅಂದಕ್ಕೆಂದು ದುಂಡು ಮಾಡಿದರೆ (ಅನೇಕರು ಮಾಡುತ್ತಾರೆ) ನೀರು ಕಳಚಿಕೊಳ್ಳದೆ ಅಂಟಿಕೊಂಡು ಎಳೆಯುತ್ತದೆ. ತೂಕದ ಕೇಂದ್ರ ಹಿಂಬದಿಯಿಂದ ಉದ್ದದ ಸುಮಾರು ಶೇ. 35–40ರಷ್ಟು ಮುಂದಿರಲಿ. ಇನ್ನೂ ಹಿಂದಕ್ಕೆ ಸರಿದರೆ, ತಳ ನೇರವಿದ್ದರೂ ಕುಪ್ಪಳಿಕೆ ಶುರುವಾಗಬಹುದು.